ಸ್ಟೀರಿಂಗ್ ಹಗುರಾಗುವ ಹೊತ್ತು

ಮಳೆಗಾಲದಲ್ಲಿ ಶಿರಸಿಯಿಂದ ಕುಮಟಾ ಕಡೆ ದೇವಿಮನೆ ಘಟ್ಟ ಇಳಿದವರಿಗೆ ಇದು ಗೊತ್ತಿರುತ್ತದೆ. ನಮ್ಮ ಹಳೇ ಓಮ್ನಿಗೆ ಪವರ್ ಸ್ಟೀರಿಂಗ್ ಇಲ್ಲ. ತಿರುವಿನಲ್ಲಿ ಸ್ಟೀರಿಂಗ್ ಬಿಗಿಯಾಗಿ, ನೆಟ್ಟಗಾಗಲು ಕೈಯನ್ನು ಎಳೆಯುತ್ತಿರುತ್ತದೆ. ಕೆಂಪು ನೀರು ಹರಿಯುವ ಜಾಗ ಬಂತೋ, ಆ ಎಳೆತ ತಟ್ಟನೆ ಸಡಿಲ. ಗಾಡಿ ಇನ್ನೂ ಜಾರಿಲ್ಲ. ಆದರೆ ಅಂಗೈಗೆ ಸುದ್ದಿ ಮುಟ್ಟಿರುತ್ತದೆ, ಕಾಲು ತಾನಾಗಿಯೇ ಆಕ್ಸಿಲರೇಟರ್ ಬಿಟ್ಟಿರುತ್ತದೆ.

ಅಕ್ಕನ ಮಗ ಕಂಪ್ಯೂಟರಿನ ರೇಸಿಂಗ್ ಆಟಕ್ಕೆಂದು ಫೋರ್ಸ್ ಫೀಡ್‌ಬ್ಯಾಕ್ ಸ್ಟೀರಿಂಗ್, ಅಂದರೆ ಒಳಗಿನ ಮೋಟಾರಿನಿಂದ ನಿಜವಾದ ಗಾಡಿಯಂತೆ ಕೈಯನ್ನು ಎಳೆಯುವ ಸ್ಟೀರಿಂಗ್, ತಂದಾಗ ನನಗೆ ನೆನಪಾದದ್ದು ಇದೇ. ಅಜ್ಜನ ಕಾಲದ ಹಲಸಿನ ಮೇಜಿಗೆ ಅದನ್ನು ಬಿಗಿದು, ಲ್ಯಾಪ್‌ಟಾಪಿಗೆ ಜೋಡಿಸಿದೆವು. ಅವನು ಮಾಡಿದ ಮೊದಲ ಕೆಲಸ, ಸೆಟ್ಟಿಂಗಿನಲ್ಲಿದ್ದ ಎಲ್ಲವನ್ನೂ 100ಕ್ಕೆ ಏರಿಸಿದ್ದು. ಮೇಜು ಕಿರುಗುಟ್ಟಿತು. ಎರಡು ದಿನ ಕಳೆದ ಮೇಲೆ ಬಂದು, “ಮಾವ, ಎಲ್ಲಾ ತಿರುವೂ ಒಂದೇ ಥರ ಅನ್ನಿಸ್ತದೆ” ಅಂದ.

ಯಾಕೆ ಹಾಗೆ? ಮೊದಲು ಟೈರಿನ ಹತ್ತಿರ ಹೋಗಬೇಕು. ಟೈರು ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ತಿರುಗಿಸಿದಾಗ ಅಲ್ಲಿನ ರಬ್ಬರು ಪಕ್ಕಕ್ಕೆ ಬಾಗುತ್ತದೆ. ಮುಂದಿನ ಅಂಚು ಈಗಷ್ಟೇ ನೆಲ ಹಿಡಿದಿರುತ್ತದೆ, ಹಿಂದಕ್ಕೆ ಹೋದಷ್ಟೂ ಬಾಗು ಜಾಸ್ತಿ. ಹಾಗಾಗಿ ನೆಲ ಪಕ್ಕಕ್ಕೆ ತಳ್ಳುವ ಬಲದ ಕೇಂದ್ರ ಆ ಅಂಗೈಯ ನಡುವಿಗಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಆಫೀಸ್ ಕುರ್ಚಿಯ ಗಾಲಿ ಎಳೆದ ಕಡೆಗೆ ತಾನೇ ತಿರುಗಿಕೊಳ್ಳುತ್ತದಲ್ವಾ, ಆ ಬಲವೂ ಚಕ್ರವನ್ನು ಹಾಗೆಯೇ ಸಾಗುವ ದಿಕ್ಕಿಗೆ ತಿರುಗಿಸಲು ನೋಡುತ್ತದೆ. ಕೈಗೆ ಸಿಗುವ ಎಳೆತದ ದೊಡ್ಡ ಪಾಲು ಇದು.

ಇನ್ನೂ ತಿರುಗಿಸಿದರೆ ಹಿಂಭಾಗದ ರಬ್ಬರು ಮೊದಲು ಜಾರಲು ಶುರು. ಬಲದ ಕೇಂದ್ರ ಮುಂದಕ್ಕೆ ಸರಿಯುತ್ತದೆ, ಎಳೆತ ಇಳಿಯುತ್ತದೆ. ಮಜಾ ಏನೆಂದರೆ, ಟೈರಿನ ಹಿಡಿತ ತುದಿ ಮುಟ್ಟುವ ಮೊದಲೇ ಸ್ಟೀರಿಂಗ್ ಹಗುರಾಗಿರುತ್ತದೆ. ಜಾರುವ ಮೊದಲೇ ಸಿಗುವ ಎಚ್ಚರಿಕೆ ಅದು.

ಆಟದಲ್ಲಿ ಈ ಲೆಕ್ಕವನ್ನು ಕಂಪ್ಯೂಟರ್ ಸೆಕೆಂಡಿಗೆ ನೂರಾರು ಸಲ ಮಾಡಿ ಮೋಟಾರಿಗೆ ಒಂದು ಸಂಖ್ಯೆ ಕಳಿಸುತ್ತದೆ. ನಮ್ಮದು ಮೋಟಾರಿನ ಬಲ ಹಲ್ಲುಚಕ್ರಗಳ (ಗೇರ್) ಮೂಲಕ ಬರುವ ಅಗ್ಗದ ಜಾತಿ. ಅದರ ತಾಕತ್ತು ಸುಮಾರು 2 ನ್ಯೂಟನ್ ಮೀಟರ್. ಸ್ಟೀರಿಂಗಿನ ಅಗಲ 28 ಸೆಂಟಿಮೀಟರ್. ಅಂದರೆ ಅಂಚಿಗೆ ಒಂದೂವರೆ ಕಿಲೋ ಅಕ್ಕಿ ಚೀಲ ತೂಗುಹಾಕಿದಷ್ಟು. ಮೋಟಾರಿಗೇ ನೇರ ಕೂರಿಸಿದ ದುಬಾರಿ ಸ್ಟೀರಿಂಗುಗಳಲ್ಲಿ 8 ನ್ಯೂಟನ್ ಮೀಟರ್ ಸಿಕ್ಕರೆ ಅದು ಸುಮಾರು ಆರು ಕಿಲೋ.

ಈಗ ಸೋದರಳಿಯನ ಎಡವಟ್ಟು ನೋಡಿ. ತಿರುವಿನ ನಡುವೆ ಆಟ 3 ಕೇಳುತ್ತದೆ, ಮೋಟಾರು 2 ಕೊಡುತ್ತದೆ. ಟೈರು ಜಾರಲು ಶುರುವಾಗಿ ಆಟ ಎರಡೂವರೆಗೆ ಇಳಿಯುತ್ತದೆ. ಮೋಟಾರು? ಆಗಲೂ 2. ಕೈಗೆ ಬರಬೇಕಿದ್ದ ಸುದ್ದಿ ಅಲ್ಲೇ ಸತ್ತಿತು. ಇದಕ್ಕೆ ಕ್ಲಿಪ್ಪಿಂಗ್ ಅನ್ನುತ್ತಾರೆ. ಯಕ್ಷಗಾನದ ಮೈಕಿನ ವಾಲ್ಯೂಮ್ ಪೂರಾ ಏರಿಸಿದರೆ ಭಾಗವತರ ಸ್ವರವೂ ಚಂಡೆಯೂ ಒಂದೇ ಒಡಕು ಸದ್ದಾಗುವುದು ಕೇಳಿದ್ದೀರಲ್ಲ, ಅದೇ ಕಾಯಿಲೆ.

ಗೇನ್, ಅಂದರೆ ಆಟ ಕೇಳುವ ಬಲದ ಪ್ರಮಾಣ, ಇಳಿಸುತ್ತಾ ಬಂದೆವು. ತೆರೆಯ ಮೂಲೆಯಲ್ಲಿ ಬಲ ತೋರಿಸುವ ಪಟ್ಟಿ, ಮಿತಿ ಮೀರಿದರೆ ಕೆಂಪಾಗುತ್ತದೆ. ಗುಂಡಿ, ದಿಬ್ಬಗಳಲ್ಲಿ ಮಾತ್ರ ಕೆಂಪಾಗುವಷ್ಟಕ್ಕೆ ನಿಲ್ಲಿಸಿದೆವು. ನಡುವಿಗೆ ಎಳೆಯುವ ಕೃತಕ ಸ್ಪ್ರಿಂಗ್ ಆಫ್, ಯಾಕೆಂದರೆ ಟೈರು ಏನೇ ಹೇಳಲಿ ಅದು ಸುಮ್ನೆ ತನ್ನದೇ ರಾಗ ಹಾಡುತ್ತದೆ. ಆಮೇಲೆ ಸ್ಟೀರಿಂಗ್ ಸುತ್ತುವ 900 ಡಿಗ್ರಿಯನ್ನು ಆಟಕ್ಕೂ ಹೇಳಿದ್ದಾಯಿತು. “ಇಷ್ಟು ಸಪ್ಪೆಯಾ?” ಎಂದು ಹುಡುಗ ಮುಖ ಸಣ್ಣ ಮಾಡಿದ. ಹತ್ತು ನಿಮಿಷ ಆಡಿದ ಮೇಲೆ ಮಾತು ನಿಂತಿತು. ಕೈ ಕೇಳಿಸಿಕೊಳ್ಳುತ್ತಿತ್ತು.

ಹೊರಗೆ ಮಳೆ ಜೋರಾಗಿತ್ತು. ಉದ್ದನೆಯ ಬಲ ತಿರುವೊಂದರಲ್ಲಿ ಸ್ಟೀರಿಂಗ್ ಪೂರಾ ಹಗುರಾಯಿತು. “ಮಾವ, ಜಾರ್ತು, ಈಗ ಗೊತ್ತಾಯ್ತು!” ಎಂದು ಕೂಗಿದ. ತೆರೆಯ ಮೇಲೆ ಕಾರು ಜಾರದೆ ತಿರುವಿನಲ್ಲೇ ಸಾಗುತ್ತಿತ್ತು. ತಲೆಯೆತ್ತಿ ನೋಡಿದರೆ ಫ್ಯಾನು ನಿಂತಿದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತು, ಸ್ಟೀರಿಂಗಿನ ಅಡಾಪ್ಟರಿಗೆ ಕರೆಂಟ್ ಹೋಗಿತ್ತು.