ಕಾಂಕ್ರೀಟ್ ಅಡುಗೆ ಕಟ್ಟೆಗೆ ಹುಣಸೆಹುಳಿ ಬಿದ್ದರೆ ಏನಾಗುತ್ತೆ?

ಪ್ರಶ್ನೆ: ಹೊಸ ಮನೆಯ ಅಡುಗೆ ಕಟ್ಟೆಗೆ ಗ್ರಾನೈಟ್ ಬೇಡ, ನಾವೇ ಕಾಂಕ್ರೀಟ್ ಹಲಗೆ ಎರಕ ಹೊಯ್ದು ನಯ ಮಾಡಿಕೊಳ್ಳೋಣ ಅಂತಿದ್ದೇವೆ. ಆದರೆ ನಮ್ಮದು ದಿನಾ ಹುಣಸೆಹುಳಿ, ನಿಂಬೆಹಣ್ಣು, ಅರಿಶಿನ ಓಡಾಡುವ ಅಡುಗೆಮನೆ. ಕಲೆ ನಿಲ್ಲುತ್ತಾ? ಕಲೆ, ನೀರು ಇಳಿಯದ ಹಾಗೆ ಒಳ್ಳೆ ಸೀಲರ್ ಹಚ್ಚಿದರೆ ಸಾಕಾ?

ಉತ್ತರ: ಕಲೆ ನಿಲ್ಲುತ್ತದೆ. ಸೀಲರ್ ಒಂದನ್ನೇ ನಂಬಿಕೊಂಡರೆ ಸಾಲದು. ಅಂಗಡಿಯವರು ಇದನ್ನು ಇಷ್ಟು ನೇರವಾಗಿ ಹೇಳುವುದಿಲ್ಲ, ಅದಕ್ಕೇ ಮೊದಲು ಹೇಳಿಬಿಟ್ಟೆ. ನಮ್ಮ ಮನೆಯಲ್ಲೂ ಇಂಥದ್ದೊಂದು ಕಟ್ಟೆ ಇದೆ. ಒಲೆಯ ಎಡಗಡೆ ನಿಂಬೆಹೋಳಿನ ಗುರುತು ಇವತ್ತಿಗೂ ಕಾಣುತ್ತದೆ. ಹೋಳು ಇಟ್ಟವನು ನಾನೇ.

ನಾವು ಎಲ್ಲವನ್ನೂ ‘ಕಲೆ’ ಅಂದುಬಿಡುತ್ತೇವೆ. ಆದರೆ ನಿಂಬೆ ಮಾಡುವ ಕೆಲಸ ಬೇರೆ, ಎಣ್ಣೆ ಮಾಡುವ ಕೆಲಸ ಬೇರೆ.

ಸಿಮೆಂಟ್ ನೀರು ಕುಡಿದು ಗಟ್ಟಿಯಾಗುವಾಗ ಒಳಗೆ ಒಂದಿಷ್ಟು ಸುಣ್ಣವೂ ಹುಟ್ಟುತ್ತದೆ. ಹುಳಿಗೂ ಸುಣ್ಣಕ್ಕೂ ಆಗಿಬರುವುದಿಲ್ಲ. ನಿಂಬೆಯ ಸಿಟ್ರಿಕ್ ಆಮ್ಲ, ಹುಣಸೆಯ ಟಾರ್ಟಾರಿಕ್ ಆಮ್ಲ, ಮೊಸರಿನ ಲ್ಯಾಕ್ಟಿಕ್ ಆಮ್ಲ, ವಿನೆಗರ್, ಪುನರ್ಪುಳಿ, ಎಲ್ಲವೂ ಮೇಲ್ಮೈಯ ಸಿಮೆಂಟನ್ನು ತಿನ್ನುತ್ತವೆ. ಹೊಳಪು ಹೋಗಿ ಆ ಜಾಗ ಮಂಕಾಗುತ್ತದೆ, ಕೈಗೆ ಒರಟಾಗುತ್ತದೆ. ಅಲ್ಲಿ ಬಣ್ಣ ಹತ್ತಿಲ್ಲ, ಕಟ್ಟೆಯ ಚರ್ಮವೇ ಕಿತ್ತು ಹೋಗಿದೆ. ಹಾಗಾಗಿ ಎಷ್ಟು ಉಜ್ಜಿದರೂ ಬರುವುದಿಲ್ಲ. ಅಜ್ಜಿ ಮನೆಯ ರೆಡ್ ಆಕ್ಸೈಡ್ ನೆಲ ನೆನಪಿದೆಯಾ? ಅದೂ ಸಿಮೆಂಟೇ. ನಿಂಬೆರಸ ಚೆಲ್ಲಿದ ಕಡೆ ಅದರ ಮೇಲೂ ಇಂಥದ್ದೇ ಮಂಕು ಮಚ್ಚೆ ಏಳುತ್ತಿತ್ತು.

ಅರಿಶಿನದ ಕಥೆ ಇನ್ನೂ ಮಜವಾಗಿದೆ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ, ಆರತಿ ತಟ್ಟೆಯ ಕೆಂಪು ನೀರು ಹಾಗೇ ಆಗುವುದು. ಹೊಸ ಕಾಂಕ್ರೀಟಿನಲ್ಲೂ ಸುಣ್ಣದ ಗುಣ ಜೋರಾಗಿರುತ್ತದೆ. ಸೀಲರ್ ಇಲ್ಲದ ಹೊಸ ಕಟ್ಟೆಗೆ ಒದ್ದೆ ಅರಿಶಿನ ಬಿದ್ದರೆ ಹಳದಿಯ ಬದಲು ಕೆಂಪು ಕಂದು ಕಲೆ ಕಾಣಬಹುದು. ಗಾಬರಿ ಬೇಡ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಕಿಟಕಿಯ ಬಿಸಿಲು ಬೀಳುವ ಜಾಗವಾದರೆ ತಾನಾಗಿಯೇ ಮಾಸುತ್ತದೆ.

ಎಣ್ಣೆ ಮಾತ್ರ ಸುಮ್ನೆ ಇಳಿಯುತ್ತದೆ. ಕಾಂಕ್ರೀಟಿನ ಸಣ್ಣ ಸಣ್ಣ ರಂಧ್ರಗಳಿಗೆ ಹೋಗಿ ಕೂತು, ಆ ಜಾಗವನ್ನು ಕಪ್ಪಾಗಿಸುತ್ತದೆ. ಒದ್ದೆ ಕಬ್ಬಿಣದ ತವಾ ರಾತ್ರಿಯಿಡೀ ಇದ್ದರೆ ತುಕ್ಕಿನ ಬಳೆ ಮೂಡುತ್ತದೆ.

ಈಗ ಸೀಲರ್ ವಿಷಯ. ಇದರಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಒಳಗೆ ಇಳಿಯುವಂಥದ್ದು. ಸಿಲೇನ್, ಸಿಲಾಕ್ಸೇನ್ ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ. ಹಚ್ಚಿದ ಮೇಲೆ ಕಟ್ಟೆ ನೋಡಲು ಮೊದಲಿನ ಹಾಗೇ ಇರುತ್ತದೆ. ನೀರು ಕೆಸುವಿನ ಎಲೆಯ ಮೇಲಿನ ಹಾಗೆ ಮುತ್ತಾಗಿ ನಿಲ್ಲುತ್ತದೆ, ನೋಡೋಕೆ ಬಲು ಚೆಂದ. ಬಿಸಿ ಪಾತ್ರೆಯಿಂದ ಸುಟ್ಟು ಏಳಲು ಮೇಲೆ ಪದರವೇ ಇರುವುದಿಲ್ಲ. ಆದರೆ ಹುಳಿ ಬಿದ್ದರೆ ನೇರ ಸಿಮೆಂಟಿನ ಮೇಲೇ ಬೀಳುತ್ತದೆ, ತಿಂದೇ ತಿನ್ನುತ್ತದೆ.

ಇನ್ನೊಂದು ಮೇಲೆ ಪದರ ಕಟ್ಟುವಂಥದ್ದು: ಎಪಾಕ್ಸಿ, ಪಾಲಿಯುರೆಥೇನ್, ಅಕ್ರಿಲಿಕ್. ಪದರ ಗಟ್ಟಿಯಾಗಿ ಇರುವಷ್ಟು ದಿನ ಹುಳಿ, ಎಣ್ಣೆ, ಅರಿಶಿನಕ್ಕೆ ಕೆಳಗಿನ ಸಿಮೆಂಟ್ ಸಿಗುವುದೇ ಇಲ್ಲ. ಆದರೆ ಇದಕ್ಕೆ ಬಿಸಿ ಆಗದು. ಮನೆಯಲ್ಲಿ ಹಚ್ಚುವ ಸಾಮಾನ್ಯ ಎಪಾಕ್ಸಿ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗತೊಡಗುತ್ತದೆ. ಸಾಸಿವೆ ಸಿಡಿದ ಒಗ್ಗರಣೆ ಎಣ್ಣೆ 150 ಡಿಗ್ರಿ ದಾಟಿರುತ್ತದೆ. ಆ ಸೌಟನ್ನು ಹಾಗೇ ಕಟ್ಟೆಯ ಮೇಲೆ ಇಟ್ಟರೆ ಬಿಳಿ ಗುಳ್ಳೆ ಏಳುತ್ತದೆ. ಚಾಕು ತಾಗಿದರೆ ಗೀರು ಬೀಳುತ್ತದೆ. ಬಿಸಿಲಿಗೆ ಎಪಾಕ್ಸಿ ಹಳದಿಯೂ ಆಗುತ್ತದೆ.

ಒಟ್ಟಿನಲ್ಲಿ ನಿಂಬೆಯನ್ನು ತಡೆಯುವ ಸೀಲರ್ ಬಾಣಲೆಗೆ ಹೆದರುತ್ತದೆ. ಬಾಣಲೆಗೆ ಹೆದರದ ಸೀಲರ್ ನಿಂಬೆಯನ್ನು ತಡೆಯುವುದಿಲ್ಲ. ನಿಮ್ಮ ಮನೆಯಲ್ಲಿ ಯಾವ ತಪ್ಪು ಜಾಸ್ತಿ ಆಗುತ್ತದೆ ಅಂತ ನೋಡಿ ಆರಿಸಿಕೊಳ್ಳಿ. ನನ್ನನ್ನು ಕೇಳಿದರೆ ಪದರದ ಪಾಲಿಯುರೆಥೇನ್ ಹಚ್ಚಿ, ಒಲೆ ಪಕ್ಕ ಒಂದು ಕಡಪ ಕಲ್ಲಿನ ತುಂಡನ್ನು ಬಿಸಿ ಪಾತ್ರೆಗೆಂದೇ ಇಟ್ಟುಬಿಡಿ ಅನ್ನುತ್ತೇನೆ. ಬಿಸಿ ಪಾತ್ರೆಯನ್ನು ಕಲ್ಲಿನ ಮೇಲಿಡುವ ಅಭ್ಯಾಸ ಬೇಗ ಬರುತ್ತದೆ. ಹುಳಿಯ ಪ್ರತಿ ಹನಿಯನ್ನೂ ಆಗಿಂದಾಗ್ಗೆ ಒರೆಸುವ ಅಭ್ಯಾಸ ಬರುವುದಿಲ್ಲ. ಹಬ್ಬದ ದಿನ ನಾಲ್ಕು ಜನ ಅಡುಗೆಮನೆಯಲ್ಲಿರುವಾಗಂತೂ ಅದು ಆಗದ ಮಾತು.

ಆದರೆ ಸೀಲರ್ ಡಬ್ಬಿ ತೆರೆಯುವುದಕ್ಕೆ ತಿಂಗಳು ಮೊದಲೇ ಅರ್ಧ ಹಣೆಬರಹ ಬರೆದಾಗಿರುತ್ತದೆ. ಬರೆಯುವುದು ನೀರು.

ಸಿಮೆಂಟ್ ಗಟ್ಟಿಯಾಗಲು ಬೇಕಾದ ನೀರು ಸ್ವಲ್ಪವೇ. ಉಳಿದದ್ದನ್ನು ಕಲಸಲು ಸುಲಭವಾಗಲಿ ಅಂತ ಹಾಕುತ್ತೇವೆ. ಆ ಹೆಚ್ಚಿನ ನೀರು ಆರಿಹೋದಾಗ ಅದಿದ್ದ ಜಾಗ ಖಾಲಿ ರಂಧ್ರವಾಗಿ ಉಳಿಯುತ್ತದೆ. ನಾಳೆ ಎಣ್ಣೆ ಇಳಿಯುವುದು ಅದೇ ರಂಧ್ರಕ್ಕೆ. ನೀರು ಜಾಸ್ತಿಯಾದರೆ ಹಲಗೆ ಒಣಗುವಾಗ ಕುಗ್ಗುವುದೂ ಜಾಸ್ತಿ, ಬಿರುಕೂ ಜಾಸ್ತಿ. ಸಿಮೆಂಟಿನ ತೂಕದ 0.4 ಪಾಲು ನೀರು, ಅದಕ್ಕಿಂತ ಮೇಲೆ ಹೋಗಬೇಡಿ.

ಲೆಕ್ಕ ಹಾಕೋಣ. 8 ಅಡಿ ಉದ್ದ, 2 ಅಡಿ ಅಗಲ, 40 ಮಿಲಿಮೀಟರ್ ದಪ್ಪದ ಹಲಗೆಗೆ ಸುಮಾರು 60 ಲೀಟರ್ ಕಾಂಕ್ರೀಟ್ ಬೇಕು. ಅದರಲ್ಲಿ ಸಿಮೆಂಟ್ 30 ಕೆಜಿಯಷ್ಟು. ಅಂದರೆ ನೀರು 12 ಲೀಟರ್. ಸ್ನಾನದ ಬಕೆಟ್ ಪೂರ್ತಿ ತುಂಬುವಷ್ಟೂ ಇಲ್ಲ! ಮೇಸ್ತ್ರಿ ಇಷ್ಟೇ ನೀರು ನೋಡಿ ನಕ್ಕುಬಿಡುತ್ತಾರೆ, ಇನ್ನೊಂದು ಚೊಂಬು ಸುರಿಯಲು ಕೈ ಎತ್ತುತ್ತಾರೆ. ಆ ಚೊಂಬನ್ನು ಕಸಿದುಕೊಳ್ಳಿ. ಅದರ ಬದಲು ಸೂಪರ್‌ಪ್ಲಾಸ್ಟಿಸೈಸರ್ ಅನ್ನುವ ದ್ರವ ಸಿಗುತ್ತದೆ. ಡಬ್ಬಿಯ ಮೇಲೆ ಬರೆದಷ್ಟು ಹಾಕಿದರೆ ಅದೇ ನೀರಿನಲ್ಲಿ ಮಿಶ್ರಣ ದೋಸೆಹಿಟ್ಟಿನ ಹಾಗೆ ಹರಿಯುತ್ತದೆ. ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳು, ಬಳಸುವುದಾದರೆ ಅದರಲ್ಲಿ ಧೂಳು ಜಾಸ್ತಿ ಇಲ್ಲ ಅಂತ ನೋಡಿಕೊಳ್ಳಿ, ಧೂಳು ನೀರು ಕುಡಿಯುತ್ತದೆ. ಮರಳು ಮೊದಲೇ ಒದ್ದೆಯಿದ್ದರೆ ಆ ನೀರನ್ನೂ ಲೆಕ್ಕದಲ್ಲಿ ಕಳೆಯಬೇಕು. ಜಲ್ಲಿ 10 ಮಿಲಿಮೀಟರಿಗಿಂತ ದೊಡ್ಡದು ಬೇಡ.

ಎರಕದ ಅಚ್ಚಿಗೆ ಸನ್‌ಮೈಕಾ ಅಂಟಿಸಿದ ಪ್ಲೈವುಡ್ ಒಳ್ಳೆಯದು. ಹಲಗೆಯನ್ನು ತಲೆಕೆಳಗಾಗಿ ಹೊಯ್ಯುವುದು, ಅಚ್ಚಿನ ತಳ ಮುಟ್ಟಿದ ಮುಖವೇ ನಾಳೆ ಕಟ್ಟೆಯ ಮೇಲ್ಮೈ. ಸನ್‌ಮೈಕಾ ಎಷ್ಟು ನಯವೋ ಕಟ್ಟೆ ಅಷ್ಟು ನಯ. ಅದರ ಮೇಲೆ ಒಂದು ಕೂದಲು ಬಿದ್ದಿದ್ದರೂ ಅಚ್ಚೊತ್ತಿಬಿಡುತ್ತದೆ. ಮೂಲೆಗಳಿಗೆ ಸಿಲಿಕೋನ್ ಎಳೆಯಿರಿ. ನಡುವೆ ವೆಲ್ಡ್ ಮೆಶ್, ಅಂದರೆ ಬೆಸುಗೆ ಹಾಕಿದ ತಂತಿ ಬಲೆ, ಇರಲಿ. ಸಿಂಕಿನ ರಂಧ್ರದ ಮೂಲೆ ಚೌಕವಾಗಿದ್ದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ, ಮೂಲೆಗಳನ್ನು ದುಂಡಗೆ ಮಾಡಿ. ಹೊಯ್ದ ಮೇಲೆ ಅಚ್ಚಿನ ಪಕ್ಕಗಳನ್ನು ರಬ್ಬರ್ ಸುತ್ತಿಗೆಯಿಂದ ಹತ್ತಿಪ್ಪತ್ತು ನಿಮಿಷ ತಟ್ಟುತ್ತಾ ಇರಿ. ತಟ್ಟದಿದ್ದರೆ ಗಾಳಿಗುಳ್ಳೆ ನಿಂತು ಮೇಲ್ಮೈ ಸಿಡುಬು ಎದ್ದ ಹಾಗೆ ಕಾಣುತ್ತದೆ.

ಆಮೇಲೆ ಒದ್ದೆ ಗೋಣಿಚೀಲ, ಮೇಲೊಂದು ಪ್ಲಾಸ್ಟಿಕ್ ಹಾಳೆ. ಅಂಗಡಿಗಳಲ್ಲಿ ಜಾಸ್ತಿ ಸಿಗುವುದು ಪಿಪಿಸಿ, ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟ್. ಅದು ನಿಧಾನ, ಹಾಗಾಗಿ 10 ದಿನಕ್ಕೆ ಕಡಿಮೆ ಬೇಡ. ಪೂರ್ತಿ ಬಲಕ್ಕೆ 28 ದಿನ ಅಂತ ಲೆಕ್ಕ. ಪದರದ ಸೀಲರ್ ಹಚ್ಚಲು ಅಷ್ಟು ಕಾಯುವುದೇ ಒಳ್ಳೆಯದು. ಒಳಗೆ ತೇವ ಇರುವಾಗಲೇ ಹಚ್ಚಿದರೆ ಪದರ ಬೆಳ್ಳಗಾಗಿ ಏಳುತ್ತದೆ. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂದಾಗ ಆಗುವ ತಪ್ಪು ಇದೇ.

ಎರಡು ಎಚ್ಚರಿಕೆ. ಒದ್ದೆ ಸಿಮೆಂಟ್ ಚರ್ಮವನ್ನು ಸುಡುತ್ತದೆ, ಆ ಹೊತ್ತಿಗೆ ಗೊತ್ತೇ ಆಗುವುದಿಲ್ಲ. ರಬ್ಬರ್ ಕೈಗವಸು ಹಾಕಿ. ಉಜ್ಜಿ ಪಾಲಿಶ್ ಮಾಡುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶದಲ್ಲಿ ಕೂತರೆ ಹೊರಗೆ ಬರುವುದಿಲ್ಲ. ನೀರು ಹಾಕಿಕೊಂಡೇ ಉಜ್ಜಿ, ಎನ್95 ಮಾಸ್ಕ್ ಹಾಕಿ. ನೀರು ಮತ್ತು ಕರೆಂಟು ಜೊತೆಗಿರುವ ಕೆಲಸ, ಹಾಗಾಗಿ ಒದ್ದೆ ಕೆಲಸಕ್ಕೆಂದೇ ಮಾಡಿದ ಪಾಲಿಶರ್ ತನ್ನಿ, ಅದರ ಲೈನಿಗೆ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಇದೆಯಾ ನೋಡಿಕೊಳ್ಳಿ.

ತೂಕದ ಬಗ್ಗೆ ಯಾರೂ ಯೋಚಿಸುವುದಿಲ್ಲ. ಮೇಲೆ ಹೇಳಿದ ಹಲಗೆ ಸುಮಾರು 140 ಕೆಜಿ ತೂಗುತ್ತದೆ. ಎರಡು ನಾಲ್ಕಡಿ ತುಂಡು ಮಾಡಿದರೆ ತಲಾ 70, ನಾಲ್ಕು ಜನ ಸಾಕು. ಸಾಗಿಸುವಾಗ ಗಾಜಿನ ಹಾಗೆ ನಿಲ್ಲಿಸಿ ಹೊರಬೇಕು, ಚಪ್ಪಟೆಯಾಗಿ ಹಿಡಿದರೆ ನಡುವೆ ಮುರಿಯಬಹುದು.

ದುಡ್ಡು ಉಳಿಸಲು ಇದನ್ನು ಮಾಡುವುದಾದರೆ ಬಿಟ್ಟುಬಿಡಿ. ನಮ್ಮದು ಕಲ್ಲಿನ ನಾಡು. ಚಾಮರಾಜನಗರದ ಕಪ್ಪು ಕಲ್ಲು, ಇಳಕಲ್ಲಿನ ಕೆಂಪು ಕಲ್ಲು ಇಲ್ಲೇ ಇವೆ. ಬೆಂಗಳೂರಿನ ಪಕ್ಕದ ಜಿಗಣಿಗೆ ಹೋದರೆ ಸಾಲು ಸಾಲು ಗ್ರಾನೈಟ್ ಕಾರ್ಖಾನೆಗಳು. ಪ್ಲೈವುಡ್, ಪಾಲಿಶ್ ಯಂತ್ರದ ಬಾಡಿಗೆ, ಸೀಲರ್, ಮೊದಲನೆಯದು ಕೆಟ್ಟು ಎರಡನೆಯದು ಹೊಯ್ಯುವ ಖರ್ಚು, ಎಲ್ಲ ಕೂಡಿಸಿದರೆ ಸಾದಾ ಗ್ರಾನೈಟೇ ಅಗ್ಗವಾದರೂ ಆಶ್ಚರ್ಯವಿಲ್ಲ. ಅದಕ್ಕೆ ಹುಣಸೆಹುಳಿಯ ಭಯವೂ ಇಲ್ಲ. ಮೈಯಲ್ಲಿ ಸುಣ್ಣ ಇಲ್ಲವಲ್ಲ, ಹುಳಿ ತಿನ್ನುವುದೇನನ್ನು? ತಮಾಷೆ ಏನೆಂದರೆ ನಮ್ಮ ಎಷ್ಟೋ ಮನೆಗಳಲ್ಲಿ ಗ್ರಾನೈಟಿನ ಕೆಳಗೆ ಕಾಂಕ್ರೀಟ್ ಹಲಗೆ ಮೊದಲೇ ಇರುತ್ತದೆ. ಅದನ್ನೇ ಪಾಲಿಶ್ ಮಾಡೋಣ ಅನ್ನಬೇಡಿ. ಅದು ಆ ಇನ್ನೊಂದು ಚೊಂಬು ನೀರು ಬಿದ್ದಿರುವ ಕಾಂಕ್ರೀಟ್.

ಹಾಗಾದರೆ ನಾನು ಯಾಕೆ ಮಾಡಿಕೊಂಡೆ? ನನಗೆ ಸಿಮೆಂಟಿನ ಬೂದು ಬಣ್ಣ, ಅದರ ತಣ್ಣನೆಯ ಮೈ ಇಷ್ಟ. ನಿಂಬೆಯ ಮಚ್ಚೆಗಳೂ ಈಗ ಕಣ್ಣಿಗೆ ಬೀಳುವುದಿಲ್ಲ. ಹೆಂಡತಿಗೆ ಬೀಳುತ್ತವೆ. ನಿಮ್ಮ ಮನೆಯಲ್ಲಿ ಅಂಥ ಕಣ್ಣು ಯಾರಿಗಿದೆಯೋ ಅವರ ಒಪ್ಪಿಗೆ ತೆಗೆದುಕೊಂಡು ಮುಂದೆ ಹೋಗಿ.

ಕಟ್ಟೆ ಬಂದ ಮೇಲೆ ಒರೆಸಲು ಪಾತ್ರೆ ತೊಳೆಯುವ ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು. ವಿನೆಗರ್ ಅಥವಾ ನಿಂಬೆ ಇರುವ ಕ್ಲೀನರ್ ಹತ್ತಿರ ಸೇರಿಸಬೇಡಿ. ಟಾಯ್ಲೆಟ್ ಆಸಿಡ್ಡಂತೂ ಬೇಡವೇ ಬೇಡ. ಎಣ್ಣೆ ಇಳಿದಿದ್ದರೆ ಅಡುಗೆ ಸೋಡಾವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಮೆತ್ತಿ, ಪ್ಲಾಸ್ಟಿಕ್ ಮುಚ್ಚಿ ರಾತ್ರಿ ಬಿಡಿ. ಬೆಳಿಗ್ಗೆ ಪ್ಲಾಸ್ಟಿಕ್ ತೆಗೆದ ಮೇಲೆ ಒಣಗುವಾಗ ಅದು ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಒಂದೇ ಸಲಕ್ಕೆ ಪೂರ್ತಿ ಹೋಗದು, ಎರಡು ಮೂರು ಸಲ ಮಾಡಬೇಕು. ಹುಳಿ ತಿಂದ ಜಾಗಕ್ಕೆ ಮಾತ್ರ ಉಜ್ಜಿ ಮತ್ತೆ ಸೀಲರ್ ಹಚ್ಚುವುದೊಂದೇ ದಾರಿ.

ಇಷ್ಟಾದರೂ ಮನಸ್ಸು ಬದಲಾಗದಿದ್ದರೆ ಮೊದಲು ಒಂದು ಅಡಿ ಚೌಕದ ತುಂಡು ಹೊಯ್ಯಿರಿ. ಕಟ್ಟೆಗೆ ಹಾಕುವ ಅದೇ ಮಿಶ್ರಣ, ಅದೇ ಸೀಲರ್. ಹುಣಸೆ ರಸ, ನಿಂಬೆಹೋಳು, ಅರಿಶಿನದ ಎಣ್ಣೆ, ಮೊಸರು, ಒಂದೊಂದನ್ನು ಒಂದೊಂದು ಮೂಲೆಗೆ ಹಾಕಿ. ಅರ್ಧವನ್ನು ಹತ್ತು ನಿಮಿಷಕ್ಕೆ ಒರೆಸಿ, ಅರ್ಧವನ್ನು ಬೆಳಗಿನವರೆಗೆ ಬಿಡಿ. ನಡುವೆ ಒಗ್ಗರಣೆ ಸೌಟು ಇಡಿ. ಬೆಳಿಗ್ಗೆ ಎದ್ದು ಮನೆಯವರನ್ನೆಲ್ಲ ಕರೆದು ತೋರಿಸಿ. ನಮ್ಮ ಪರೀಕ್ಷೆಯ ತುಂಡು ಈಗ ತುಳಸಿ ಕುಂಡದ ಕೆಳಗಿದೆ. ನಿಂಬೆಯ ಮೂಲೆಯಲ್ಲಿ ಪಾಚಿ ಬೆಳೆದಿದೆ.