ಮೇರಿ ಬ್ರಯಂಟ್: ಏಳು ವರ್ಷದ ಶಿಕ್ಷೆ, ಊರಿಗೆ ಮರಳಲು ಹಡಗಿಲ್ಲ

1786ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಎಕ್ಸೆಟರ್ ಕೋರ್ಟು ಮೇರಿ ಬ್ರಾಡ್ ಎಂಬ ಹುಡುಗಿಗೆ ಗಲ್ಲುಶಿಕ್ಷೆ ಕೊಟ್ಟಿತು. ಆಕೆ ಕಾರ್ನ್‌ವಾಲ್‌ನ ಫೋವಿ ಊರಿನವಳು, ವಯಸ್ಸು ಇಪ್ಪತ್ತರ ಆಸುಪಾಸು. ಇನ್ನಿಬ್ಬರು ಹೆಂಗಸರ ಜೊತೆ ಸೇರಿ ಪ್ಲಿಮತ್ ಹತ್ತಿರ ಒಬ್ಬಾಕೆಯನ್ನು ಅಡ್ಡಗಟ್ಟಿ ರೇಷ್ಮೆ ಟೋಪಿ ಮತ್ತೆ ಕೆಲವು ಸಾಮಾನು ಕಿತ್ತುಕೊಂಡಿದ್ದಳು. ಎಲ್ಲದರ ಬೆಲೆ ಸೇರಿ 12 ಪೌಂಡ್ ಕೂಡ ಇರಲಿಲ್ಲ. ಆಮೇಲೆ ಗಲ್ಲು ತಪ್ಪಿಸಿ ಏಳು ವರ್ಷದ ಗಡೀಪಾರು ಎಂದು ಬರೆದರು.

ಮೇರಿಯ ಹೆಸರು ಉಳಿದಿರೋದು ಆಕೆ ದೋಣಿಯಲ್ಲಿ ತಪ್ಪಿಸಿಕೊಂಡ ಸಾಹಸದಿಂದ. ನನ್ನನ್ನು ಕಾಡೋದು ಮಾತ್ರ ಆ ಏಳು ವರ್ಷ. ಹೋಗೋಕೆ ಸರ್ಕಾರದ ಹಡಗಿತ್ತು, ಶಿಕ್ಷೆ ಮುಗಿದ ಮೇಲೆ ಬರೋಕೆ ಯಾವ ಏರ್ಪಾಡೂ ಇರಲಿಲ್ಲ. ಗಂಡಸಾದರೆ ಯಾವುದಾದರೂ ಹಡಗಿನಲ್ಲಿ ನಾವಿಕನಾಗಿ ದುಡಿದು ಊರು ಸೇರಬಹುದಿತ್ತು. ಹೆಂಗಸಿಗೆ ಆ ಕೆಲಸ ಯಾರು ಕೊಡ್ತಾರೆ?

ಕೈದಿಗಳನ್ನು ಕಡಲಾಚೆ ಸಾಗಿಸೋದು ಬ್ರಿಟನ್ನಿಗೆ ಹೊಸದೇನಲ್ಲ. 1718ರ ಕಾನೂನಿನ ನಂತರ ಸಾವಿರಾರು ಜನರನ್ನು ಅಮೆರಿಕದ ವಸಾಹತುಗಳಿಗೆ ಕಳಿಸಿ, ಅಲ್ಲಿ ದುಡಿಮೆಗೆ ಮಾರುತ್ತಿದ್ದರು. 1775ರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾಗಿ ಆ ದಾರಿ ಮುಚ್ಚಿತು. ಜೈಲುಗಳು ತುಂಬಿದವು, ಹಳೇ ಹಡಗುಗಳನ್ನೇ ಜೈಲು ಮಾಡಿಕೊಂಡರು. ಮೇರಿಯನ್ನೂ ಮೊದಲು ಪ್ಲಿಮತ್‌ನಲ್ಲಿ ಅಂಥದ್ದೇ ಒಂದು ಹಡಗಿಗೆ ತಳ್ಳಿದ್ದು. ಕೊನೆಗೆ ಸರ್ಕಾರದ ಕಣ್ಣು ಆಸ್ಟ್ರೇಲಿಯಾದ ಮೇಲೆ ಬಿತ್ತು. 1787ರ ಮೇ 13ಕ್ಕೆ 11 ಹಡಗು ಹೊರಟವು. ಏಳುನೂರಕ್ಕೂ ಹೆಚ್ಚು ಕೈದಿಗಳಲ್ಲಿ ಹೆಂಗಸರು ಸುಮಾರು 190.

ಮೇರಿ ಹತ್ತಿದ್ದು ‘ಶಾರ್ಲೆಟ್’ ಹಡಗು. ಆಗಲೇ ಬಸುರಿ. ದಾರಿಯಲ್ಲೇ ಹೆರಿಗೆಯಾಗಿ, ಹೆಣ್ಣುಮಗುವಿಗೆ ಹಡಗಿನ ಹೆಸರನ್ನೇ ಇಟ್ಟಳು. 1788ರ ಜನವರಿಯಲ್ಲಿ ಸಿಡ್ನಿ ತಲುಪಿದರು, ಫೆಬ್ರವರಿಯಲ್ಲೇ ವಿಲಿಯಂ ಬ್ರಯಂಟ್ ಎಂಬ ಕೈದಿಯನ್ನು ಮದುವೆಯಾದಳು. ಅವನು ಕಾರ್ನ್‌ವಾಲ್‌ನ ಮೀನುಗಾರ, ಹಾಗಾಗಿ ವಸಾಹತಿನ ಮೀನು ಹಿಡಿಯೋ ದೋಣಿ ಅವನ ಕೈಗೇ ಬಂತು. ಆದರೆ ಕದ್ದು ಮೀನು ಮಾರಿದ ಅಂತ ಅವನಿಗೆ 100 ಛಡಿ ಏಟಿನ ಶಿಕ್ಷೆಯಾಯಿತು. ಅಷ್ಟರಲ್ಲಿ ಊಟಕ್ಕೂ ತತ್ವಾರ. 1790ರಲ್ಲಿ ‘ಸಿರಿಯಸ್’ ಹಡಗು ನಾರ್ಫೋಕ್ ದ್ವೀಪದ ಬಂಡೆಗೆ ಬಡಿದು ಒಡೆದ ಮೇಲೆ ಎಲ್ಲರ ರೇಷನ್ ಇನ್ನೂ ಇಳಿಸಿದರು, ಅದೇ ಹೊತ್ತಿಗೆ ಮೇರಿಯ ಮಡಿಲಲ್ಲಿ ಇನ್ನೊಂದು ಮಗು, ಇಮ್ಯಾನ್ಯುಯೆಲ್.

1791ರ ಮಾರ್ಚ್‌ಗೆ ವಿಲಿಯಂನ ಏಳು ವರ್ಷ ಮುಗಿಯಿತು. ಆದರೆ ಯಾರ ಶಿಕ್ಷೆ ಎಂದು ಮುಗಿಯುತ್ತದೆ ಅನ್ನೋ ಕಾಗದಪತ್ರಗಳೇ ಆ ಮೊದಲ ಹಡಗುಗಳ ಜೊತೆ ಬಂದಿರಲಿಲ್ಲ! ಕೈದಿ ಬಾಯಲ್ಲಿ ಹೇಳಿದರೆ ಅಧಿಕಾರಿಗಳು ಒಪ್ಪುತ್ತಿರಲಿಲ್ಲ. ಇದಕ್ಕಿಂತ ದೊಡ್ಡ ಅನ್ಯಾಯ ಏನಿದೆ ಹೇಳಿ. ದಂಪತಿ ತಮ್ಮ ದಾರಿ ತಾವೇ ನೋಡಿಕೊಂಡರು. ಬಂದರಿಗೆ ಬಂದಿದ್ದ ಡಚ್ ಹಡಗಿನ ಕ್ಯಾಪ್ಟನ್ ಹತ್ತಿರ ದಿಕ್ಸೂಚಿ, ನಕ್ಷೆ, ಬಂದೂಕು ಹೊಂದಿಸಿಕೊಂಡು, ಆ ಹಡಗು ಹೊರಟು ಬೆನ್ನಟ್ಟೋಕೆ ಯಾವ ಹಡಗೂ ಇಲ್ಲದ ಸಮಯ ನೋಡಿ, ಮಾರ್ಚ್ 28ರ ರಾತ್ರಿ ಗವರ್ನರ್ ದೋಣಿಯನ್ನೇ ತೆಗೆದುಕೊಂಡು ಹೊರಟರು: ಇವರಿಬ್ಬರು, ಎರಡು ಮಕ್ಕಳು, ಇನ್ನೂ ಏಳು ಕೈದಿಗಳು. ತೆರೆದ ದೋಣಿ. ಸುಮಾರು 5,000 ಕಿಲೋಮೀಟರ್ ಸಮುದ್ರ. ಬಿರುಗಾಳಿಯಲ್ಲಿ ದೋಣಿಗೆ ನುಗ್ಗಿದ ನೀರು ಎತ್ತಿ ಹಾಕುತ್ತಾ, ಸಿಕ್ಕಲ್ಲಿ ಆಮೆ ಹಿಡಿದು ತಿನ್ನುತ್ತಾ, ಜೂನ್ 5ಕ್ಕೆ ಡಚ್ಚರ ಕೈಯಲ್ಲಿದ್ದ ಟಿಮೋರ್‌ನ ಕುಪಾಂಗ್ ಮುಟ್ಟಿದರು. ಅಷ್ಟೂ ಜನ ಜೀವಂತ, ಎರಡೂ ಮಕ್ಕಳು ಸಹ.

ಹಡಗು ಒಡೆದು ಬದುಕಿ ಬಂದವರು ಅಂತ ಹೇಳಿಕೊಂಡು ಅಲ್ಲಿ ಸ್ವಲ್ಪ ಕಾಲ ಬದುಕಿದರು. ನಿಜ ಹೊರಬಿದ್ದಾಗ ಡಚ್ಚರು ಹಿಡಿದು, ಬ್ರಿಟಿಷ್ ಕ್ಯಾಪ್ಟನ್ ಎಡ್ವರ್ಡ್ಸ್ ಕೈಗೆ ಒಪ್ಪಿಸಿದರು. ಸಮುದ್ರ ಕೊಲ್ಲದವರನ್ನು ಈ ಸೆರೆ ಕೊಂದಿತು. ಬಟೇವಿಯಾದಲ್ಲಿ, ಅಂದರೆ ಇಂದಿನ ಜಕಾರ್ತದಲ್ಲಿ, ಡಿಸೆಂಬರ್ ತಿಂಗಳೊಂದರಲ್ಲೇ ಪುಟ್ಟ ಇಮ್ಯಾನ್ಯುಯೆಲ್ ಮತ್ತು ವಿಲಿಯಂ ಇಬ್ಬರೂ ಹೋದರು. ಮುಂದಿನ ದಾರಿಯಲ್ಲಿ ಮೂವರು ಸಂಗಾತಿಗಳು ಸತ್ತರು. 1792ರ ಮೇನಲ್ಲಿ, ಇಂಗ್ಲೆಂಡ್ ಇನ್ನೇನು ಕೆಲವೇ ವಾರ ದೂರ ಇದ್ದಾಗ, ನಾಲ್ಕು ವರ್ಷದ ಶಾರ್ಲೆಟ್ ತೀರಿಕೊಂಡಳು. ಅದೇ ಹಡಗಿನಲ್ಲಿ ಊರಿಗೆ ಮರಳುತ್ತಿದ್ದ ವಾಟ್ಕಿನ್ ಟೆಂಚ್ ಎಂಬ ಅಧಿಕಾರಿ, ಇವರನ್ನು ನೋಡಿದಾಗಲೆಲ್ಲ ಕನಿಕರವೂ ಬೆರಗೂ ಆಗುತ್ತಿತ್ತು ಎಂದು ಬರೆದಿಟ್ಟಿದ್ದಾನೆ.

ಲಂಡನ್ನಿನ ನ್ಯೂಗೇಟ್ ಜೈಲಿಗೆ ಸೇರಿದ್ದು ಮೇರಿ ಮತ್ತು ನಾಲ್ವರು ಗಂಡಸರು ಮಾತ್ರ. ಅವರನ್ನು ಗಲ್ಲಿಗೆ ಹಾಕಲಿಲ್ಲ, ಹಳೇ ಶಿಕ್ಷೆಯನ್ನೇ ಮುಂದುವರಿಸಿದರು. ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಲೇಖಕ, ವಕೀಲ ಜೇಮ್ಸ್ ಬಾಸ್ವೆಲ್ ಇವರ ಪರವಾಗಿ ಮಂತ್ರಿಗಳಿಗೆ ಮೇಲಿಂದ ಮೇಲೆ ಬರೆದ. ಮೇರಿಗೆ ಕ್ಷಮಾದಾನ ಸಿಕ್ಕಿದ್ದು 1793ರ ಮೇನಲ್ಲಿ. ಲೆಕ್ಕ ಹಾಕಿ ನೋಡಿ, ಆಕೆಯ ಏಳು ವರ್ಷ ಅದೇ ಮಾರ್ಚ್‌ಗೇ ಮುಗಿದಿತ್ತು! ಅಂದರೆ ಕ್ಷಮಿಸೋಕೆ ಉಳಿದಿದ್ದಾದರೂ ಏನು? ಉಳಿದ ನಾಲ್ವರು ನವೆಂಬರ್‌ನಲ್ಲಿ ಬಿಡುಗಡೆಯಾದರು. ಬಾಸ್ವೆಲ್ ತನ್ನ ಕೈಯಿಂದ ವರ್ಷಕ್ಕೆ 10 ಪೌಂಡ್ ಗೊತ್ತುಮಾಡಿ ಮೇರಿಯನ್ನು ಕಾರ್ನ್‌ವಾಲ್‌ಗೆ ಕಳಿಸಿಕೊಟ್ಟ.

ಆ ಪಯಣದ ಬಗ್ಗೆ ಸಂಗಾತಿ ಜೇಮ್ಸ್ ಮಾರ್ಟಿನ್ ಹೇಳಿದ ಕಥನದ ಹಸ್ತಪ್ರತಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿದೆ. ಮೇರಿಯೇ ಬರೆದ ಕಥನ ಒಂದೂ ಇಲ್ಲ.

ಇಷ್ಟೆಲ್ಲ ಆದರೂ ಹಡಗುಗಳು ನಿಲ್ಲಲಿಲ್ಲ. 1853ರವರೆಗೆ ಸುಮಾರು 25,000 ಹೆಂಗಸರನ್ನು ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ಹೆಂಗಸರನ್ನು ಅಲ್ಲಿಗೆ ಸಾಗಿಸೋದು ನಿಂತ ಐದೇ ವರ್ಷಕ್ಕೆ, 1858ರಲ್ಲಿ, ಪೋರ್ಟ್ ಬ್ಲೇರ್‌ನಲ್ಲಿ ನಮ್ಮವರಿಗಾಗಿ ಕರಿನೀರಿನ ಶಿಕ್ಷೆಯ ವಸಾಹತು ತೆರೆಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿಗೂ ಹೆಣ್ಣು ಕೈದಿಗಳನ್ನು ಕಳಿಸೋಕೆ ಶುರುಮಾಡಿದರು.