ಇಷ್ಟು ಮಳೆ ಬೀಳುವ ಶಿರಸಿಗೆ ಏಪ್ರಿಲ್‌ನಲ್ಲಿ ನೀರಿಲ್ಲವೇಕೆ?

ಪ್ರಶ್ನೆ: ಶಿರಸಿಯಲ್ಲಿ ವರ್ಷಕ್ಕೆ ಸುಮಾರು ಎರಡೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ. ಆದರೂ ಬೇಸಗೆಯಲ್ಲಿ ನಲ್ಲಿ ನೀರಿಗೆ ಕಾಯುವ ಪಾಡು ಏಕೆ?

ಉತ್ತರ: ಯುಗಾದಿ ಕಳೆಯುತ್ತಿದ್ದಂತೆ ಈ ಪ್ರಶ್ನೆ ತಪ್ಪದೆ ಬರುತ್ತದೆ, ಅದರ ಬೆನ್ನಿಗೆ, ಬೀಳುವ ಮಳೆಯಲ್ಲಿ ಕಾಲುಭಾಗ ಹಿಡಿದಿದ್ದರೂ ಸಾಕಿತ್ತು ಎಂಬ ತೀರ್ಪೂ ಬರುತ್ತದೆ. ಲೆಕ್ಕದ ಮಟ್ಟಿಗೆ ತೀರ್ಪು ಸರಿಯೇ ಇದೆ, ಅದೇ ತೊಂದರೆ. ಊರಲ್ಲಿ 65 ಸಾವಿರ ಜನರಿದ್ದಾರೆಂದು ಹಿಡಿದು, ಒಳಚರಂಡಿಯಿರುವ ಪಟ್ಟಣಗಳಿಗೆ ಕೇಂದ್ರ ಸರ್ಕಾರದ ನೀರು ಸರಬರಾಜು ಕೈಪಿಡಿ ಹೇಳುವ, ದಿನಕ್ಕೆ ತಲಾ 135 ಲೀಟರಿನಂತೆ ಗುಣಿಸಿದರೆ ದಿನಕ್ಕೆ ಸುಮಾರು 88 ಲಕ್ಷ ಲೀಟರ್, ವರ್ಷಕ್ಕೆ 320 ಕೋಟಿ ಲೀಟರ್ ಬೇಕು. ಒಂದು ಚದರ ಕಿಲೋಮೀಟರಿನ ಮೇಲೆ ಬೀಳುವ ನಮ್ಮ ಮಳೆಯೇ 250 ಕೋಟಿ ಲೀಟರ್.

ಆದರೆ ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ, ನಮಗೆ ಬಾಯಾರುವುದು ಫೆಬ್ರುವರಿಯಿಂದ ಮೇ ತನಕ. ಈ ಊರು ನೆಚ್ಚಿಕೊಂಡಿರುವುದು ಕೆಂಗ್ರೆ ಹೊಳೆಯನ್ನೂ ಮಾರಿಗದ್ದೆಯಲ್ಲಿ ಅಘನಾಶಿನಿ ನದಿಯನ್ನೂ. ಎರಡರಲ್ಲೂ ಹರಿಯುವ ನೀರನ್ನು ಎತ್ತಿ ತರುತ್ತೇವೆಯೇ ಹೊರತು ಕೂಡಿಟ್ಟ ನೀರನ್ನಲ್ಲ. ಹೊಳೆ ಸೊರಗಿದ ದಿನ ಪಂಪು ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ. ಆ ನಾಲ್ಕು ತಿಂಗಳ ನೀರನ್ನು ಕೂಡಿಡಬೇಕೆಂದರೆ 105 ಕೋಟಿ ಲೀಟರಿಗೆ ಜಾಗ ಬೇಕು, ಅಂದರೆ ಐದು ಮೀಟರ್ ಆಳದ, 52 ಎಕರೆಯ ಕೆರೆ, ಅದೂ ಆವಿಯಾಗುವುದನ್ನು, ಇಂಗುವುದನ್ನು ಬಿಟ್ಟು. ನಮ್ಮ ಕಡೆ ನೀರು ನಿಲ್ಲುವ ಕಣಿವೆಯಲ್ಲೆಲ್ಲ ಅಡಿಕೆ ತೋಟವಿದೆ, ಉಳಿದದ್ದು ಕಾಡು. ಯಾರ ತೋಟ ಎಂದು ಕೇಳಿದ ಕೂಡಲೇ ಸಭೆಯಲ್ಲಿ ಮೌನ ಕವಿಯುತ್ತದೆ.

ಹಾಗಾದರೆ ಮನೆಯ ಚಾವಣಿ ನೀರನ್ನೇ ಹಿಡಿಯೋಣ ಎನ್ನುವವರಿಗೂ ಇದೇ ಗಣಿತ. ನೂರು ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ ಎರಡೂವರೆ ಲಕ್ಷ ಲೀಟರ್ ಬೀಳುವುದು ನಿಜ, ಆದರೆ ಅಂಗಳದಲ್ಲಿರುವ ಸಾವಿರ ಲೀಟರಿನ ಕಪ್ಪು ಟ್ಯಾಂಕು ಹತ್ತು ಮಿಲಿಮೀಟರ್ ಮಳೆಗೇ ತುಂಬಿ ಚೆಲ್ಲುತ್ತದೆ, ಮತ್ತು ನಾಲ್ಕು ಜನರ ಮನೆಯಲ್ಲಿ ಎರಡು ದಿನಕ್ಕೇ ಬರಿದಾಗುತ್ತದೆ. ನಾಲ್ಕು ತಿಂಗಳು ದಾಟಲು ಅದೇ ಮನೆಗೆ ಸುಮಾರು 65 ಸಾವಿರ ಲೀಟರಿನ, ಅಂದರೆ ಉದ್ದ, ಅಗಲ, ಆಳ ಮೂರೂ ನಾಲ್ಕು ಮೀಟರ್ ಇರುವ ತೊಟ್ಟಿ ಬೇಕು. ತೊಟ್ಟಿ ಕಟ್ಟಿಸಬೇಡಿ ಎನ್ನುತ್ತಿಲ್ಲ. ಟ್ಯಾಂಕು ತೋರಿಸಿ ತೊಟ್ಟಿಯ ಮಾತಾಡಬೇಡಿ ಎನ್ನುತ್ತಿದ್ದೇನೆ.

ಯೋಜನೆ ಮಾಡುವವರು ಕೊಳವೆಗಳನ್ನು ಸಾಮಾನ್ಯವಾಗಿ ಮೂವತ್ತು ವರ್ಷಕ್ಕೆ, ಪಂಪುಗಳನ್ನು ಹದಿನೈದು ವರ್ಷಕ್ಕೆ ಸಾಕಾಗುವಂತೆ, ಜನಗಣತಿಯ ಎಣಿಕೆ ಹಿಡಿದು ಲೆಕ್ಕ ಹಾಕುತ್ತಾರೆ. ಆದರೆ ಎರಡು ವರ್ಷಕ್ಕೊಮ್ಮೆ, ಹೊಳೆ ಇಳಿಯುವ ಹೊತ್ತಿಗೇ ಬರುವ ಮಾರಿಕಾಂಬಾ ಜಾತ್ರೆಯ ಲಕ್ಷಾಂತರ ಜನರನ್ನು ಜನಗಣತಿ ಎಣಿಸುವುದಿಲ್ಲ. ಅವರನ್ನು ಯೋಜನೆಯೇ ಎಣಿಸಿಕೊಳ್ಳಬೇಕು.

ಇಲ್ಲಿಯವರೆಗೆ ಯಾರೂ ಕೇಳದ ಇನ್ನೊಂದು ಪ್ರಶ್ನೆಯಿದೆ: ಬಂದ ನೀರು ಹೋಗುವುದೆಲ್ಲಿಗೆ? ಕೊಟ್ಟ ನೀರಿನಲ್ಲಿ ಶೇಕಡಾ 80ರಷ್ಟು ಕೊಳಚೆಯಾಗಿ ಹೊರಬರುತ್ತದೆಂಬುದು ವಿನ್ಯಾಸಕಾರರ ರೂಢಿಯ ಲೆಕ್ಕ. ತಲಾ 135 ಲೀಟರ್ ಕೊಡಿ ಎಂದು ಅರ್ಜಿ ಬರೆಯುವ ಐದು ಜನರ ಮನೆ, ಹಾಗಾಗಿ, ದಿನಕ್ಕೆ 540 ಲೀಟರ್ ಕೊಳಚೆ ಒಯ್ಯಲು ದಾರಿಯನ್ನೂ ಕೇಳಬೇಕಾಗುತ್ತದೆ. ಒಳಚರಂಡಿಯಿಲ್ಲದ ಬೀದಿಯಲ್ಲಿ ಆ ದಾರಿಯೆಂದರೆ ಹಿತ್ತಲಿನ ಇಂಗುಗುಂಡಿ. ನಮ್ಮ ಬೀದಿಯ ಒಂದು ಮನೆಯ ಬಾವಿಗೂ ಪಕ್ಕದ ಮನೆಯ ಗುಂಡಿಗೂ ನಡುವೆ ಇರುವುದು ಪಾಚಿಗಟ್ಟಿದ ಒಂದು ಕಾಂಪೌಂಡು ಗೋಡೆ, ಅದರ ಬುಡದಲ್ಲಿ ಜೇನುಗೂಡಿನಂತೆ ತೂತುತೂತಾದ ಚಿರೆಕಲ್ಲಿನ ನೆಲ. ಏಪ್ರಿಲ್‌ನಲ್ಲಿ ಆ ಬಾವಿಯ ಹಗ್ಗಕ್ಕೆ ಇನ್ನೊಂದು ತುಂಡು ಗಂಟು ಹಾಕುತ್ತಾರೆ; ಜುಲೈಯಲ್ಲಿ ಬಗ್ಗಿ ಕೈಯಿಂದಲೇ ಕೊಡ ತುಂಬಿಕೊಳ್ಳಬಹುದು, ಅದೇ ವಾರ ಗೋಡೆಯಾಚೆಯ ಗುಂಡಿಯೂ ಬಾಯಿಮಟ್ಟ ಬಂದಿರುತ್ತದೆ.